ಲಕ್ಷ ದಾಟಿದ ಹೊತ್ತಿಗೆ, ನಮ್ಮ ಮ್ಯಾನೇಜರ್ ಅಣ್ಣನಿಗೆ

ನಮ್ಮ ಕಿರುಚಿತ್ರ ಯೂಟ್ಯೂಬ್‌ನಲ್ಲಿ ಒಂದು ಲಕ್ಷ ವೀಕ್ಷಣೆ ದಾಟಿದೆ. ನೋಡಿದವರಿಗೆ, ನೋಡಿ ಬೈದವರಿಗೆ, ಫ್ಯಾಮಿಲಿ ಗ್ರೂಪ್‌ಗಳಲ್ಲಿ ಹಂಚಿದವರಿಗೆ ನಮಸ್ಕಾರ.

"ಇದು 'ದಿ ವೆಡ್ಡಿಂಗ್ ರಿಂಗರ್' ಅಲ್ವಾ ಗುರು?" ಅಂತ ಕೇಳಿದವರೇ ಜಾಸ್ತಿ. ಎಳೆ ಆ ಹಾಲಿವುಡ್ ಸಿನಿಮಾದಿಂದಲೇ ಸಿಕ್ಕಿದ್ದು, ಶುರುವಿನಲ್ಲೇ ಹಾಕಿದ್ದೇವೆ. ಅಲ್ಲಿ ಮದುಮಗ ಡಗ್‌ಗೆ ಗೆಳೆಯರೇ ಇಲ್ಲ. ಕೆವಿನ್ ಹಾರ್ಟ್ ದುಡ್ಡು ತಗೊಂಡು ಬಾಡಿಗೆ ಗೆಳೆಯರನ್ನು ಹೊಂದಿಸಿಕೊಡ್ತಾನೆ. ನಮ್ಮಲ್ಲಿ ಛತ್ರದ ಮುಂದೆ 'ಗೆಳೆಯರ ಬಳಗ' ಅಂತ ಫ್ಲೆಕ್ಸ್ ನಿಲ್ಲಿಸ್ತಾರಲ್ಲ, ಅದರ ಮೇಲೆ ಹಾಕೋಕೆ ಮುಖಗಳೇ ಇಲ್ಲದವನು ಏನು ಮಾಡಬೇಕು? ಅಲ್ಲಿಂದ ನಮ್ಮ ಕಥೆ. ಆ ಚಿತ್ರಕಥೆ 2002ರಲ್ಲೇ ತಯಾರಾಗಿದ್ದು, ತೆರೆಗೆ ಬಂದಿದ್ದು 2015ಕ್ಕೆ. ನಮ್ಮದು ತಡವಾದಾಗೆಲ್ಲ ಅದನ್ನೇ ಹೇಳಿಕೊಂಡು ಓಡಾಡಿದೆ.

ಕಲಾವಿದರು, ಕ್ಯಾಮೆರಾ, ಎಡಿಟಿಂಗ್, ಮ್ಯೂಸಿಕ್, ಆಷಾಢದಲ್ಲಿ ಹೇಗೂ ಖಾಲಿ ಅಂತ ಕಡಿಮೆ ಬಾಡಿಗೆಗೆ ಛತ್ರ ಬಿಟ್ಟುಕೊಟ್ಟ ಹಾಸನದ ಮಾಲೀಕರು, ಎಲ್ಲರಿಗೂ ಒಂದೇ ಉಸಿರಲ್ಲಿ ಥ್ಯಾಂಕ್ಸ್. ಬೇಜಾರಾಗಬೇಡಿ.

ಉಳಿದದ್ದೆಲ್ಲ ಮ್ಯಾನೇಜರ್ ಅಣ್ಣನಿಗೆ. ಅವರನ್ನು ದಿನದ ಸಂಬಳಕ್ಕೆ ಕರೆಸಿಕೊಂಡಿದ್ದು. ತಿಂಡಿ, ಜನರೇಟರ್, ಜೂನಿಯರ್ ಆರ್ಟಿಸ್ಟ್‌ಗಳ ಬಟವಾಡೆ, ಇಷ್ಟೇ ಮಾತಾಗಿದ್ದ ಕೆಲಸ.

ಮಾರನೇ ದಿನ ಕಾಶಿಯಾತ್ರೆ ಸೀನ್. ಕಾಶಿಗೆ ಹೊರಟ ಹಾಗೆ ನಟಿಸಬೇಕಾದ ಮದುಮಗ ನಮ್ಮಲ್ಲಿ ನಿಜವಾಗಿಯೂ ಓಡಿಹೋಗೋಕೆ ನೋಡ್ತಾನೆ. ಆ ರಾತ್ರಿ ಶಿವಮೊಗ್ಗದಿಂದ ಫೋನ್ ಬಂತು. ಅಪ್ಪನ ವಿಷಯ ನಿಮಗೆಲ್ಲ ಗೊತ್ತಿರೋದೇ, ಮತ್ತೆ ಬರೆಯಲ್ಲ. ಅಣ್ಣ ಕಾರಿನ ಕೀ ನನ್ನ ಕೈಗೆ ಕೊಡಲಿಲ್ಲ. ಅರಸೀಕೆರೆ, ಕಡೂರು, ತರೀಕೆರೆ, ಮಳೆಯಲ್ಲಿ ಅವರೇ ಓಡಿಸಿದರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಛತ್ರಿ ಯಾರ ಹತ್ತಿರ ಇದೆ, ಕೋಲು ಎಲ್ಲಿಟ್ಟಿದ್ದೀರಿ ಅಂತ ಕೇಳ್ತಾನೇ ಇದ್ದರು. ಉತ್ತರ ಕೊಡ್ತಾ ಕೊಡ್ತಾ ಊರು ಬಂತು.

ಐಸಿಯು ಒಳಗೆ ಮನೆಯವರಿಗೆ ಮಾತ್ರ ಪ್ರವೇಶ. "ನಾನು ದೊಡ್ಡ ಮಗ" ಅಂದುಬಿಟ್ಟರು ಅಣ್ಣ. ಅಪ್ಪನಿಗೆ ಇರೋದು ನಾನೊಬ್ಬನೇ. ಸಿಸ್ಟರ್‌ಗೆ ಅನುಮಾನ ಬಂದು ಅಪ್ಪನನ್ನೇ ಕೇಳಿದರು, "ಇವರು ನಿಮಗೇನಾಗ್ಬೇಕು?" ಅಪ್ಪ ಅವರನ್ನು ಹಿಂದೆ ಕಂಡವರೇ ಅಲ್ಲ. ನನ್ನ ಮುಖ ನೋಡಿದರು, ಅವರ ಒದ್ದೆ ಅಂಗಿ ನೋಡಿದರು. "ನಮ್ಮ ದೊಡ್ಡೋನು" ಅಂದರು.

ಇಡೀ ಸ್ಕ್ರಿಪ್ಟ್ ತುಂಬ ಸುಳ್ಳು ಹೇಳಿಸಿದ್ದೀನಿ ನಾನು. ಅಂಥ ಡೈಲಾಗ್ ಒಂದೂ ಬರೆಯೋಕಾಗಿಲ್ಲ.

ಅಪ್ಪ ಸಿನಿಮಾ ನೋಡಲಿಲ್ಲ. ಮುಂದಿನ ಸಾಲು ಟೈಪ್ ಮಾಡೋಕೆ ಆಗ್ತಿಲ್ಲ, ಇರಲಿ.

ಕಾರ್ಯಗಳೆಲ್ಲ ಮುಗಿಯೋ ಹೊತ್ತಿಗೆ ಶ್ರಾವಣ ಬಂದು ಛತ್ರ ಪೂರ್ತಿ ಬುಕ್ ಆಗಿತ್ತು. ಯಾರದೋ ನಿಜವಾದ ಮದುವೆಯವರ ಕೈಕಾಲು ಹಿಡಿದು, ಅವರು ಖಾಲಿ ಮಾಡಿದ ರಾತ್ರಿಯೇ, ಅವರದೇ ಹೂವಿನ ಅಲಂಕಾರದಲ್ಲಿ ಅಣ್ಣ ಸೀನ್ ಮುಗಿಸಿಕೊಟ್ಟರು. ಕಾಶಿಯಾತ್ರೆಯಲ್ಲಿ ಹೂವು ಬಾಡಿದೆ ಅಂತ ತಪ್ಪು ಹಿಡಿದ ಮಹಾನುಭಾವರೇ, ಕಾರಣ ಇದು.

ಅಣ್ಣಾ, ನಿಮ್ಮ ಬಾಕಿ ಈ ವಾರ ಖಾತೆಗೆ ಬರುತ್ತೆ. ಹೋದ ಸಲದ ಹಾಗೆ ವಾಪಸ್ ಕಳಿಸಿದರೆ ಅಮ್ಮನ ಕೈಲಿ ಫೋನ್ ಮಾಡಿಸ್ತೀನಿ.