ಮಾರ್ಚ್ ಎಂಡ್ ಮುಗೀತು, ಈಗ ಅಕ್ಕನ ಲೆಕ್ಕ

ನಿನ್ನಿ ಸಂಜಿಗೆ ನಮ್ಮ ಅಂಗಡಿ ಮಾರ್ಚ್ ಎಂಡ್ ಕ್ಲೋಸಿಂಗ್ ಮುಗೀತು. ಟ್ಯಾಲಿ ಒಂದೇ ಸಲಕ್ಕ ಕೂಡ್ತು ಅಂತ ಸುಳ್ಳು ಹೇಳಂಗಿಲ್ಲ, ಮೂರು ಸಲ ಕುಂತೆ, ಆದ್ರ ಕೂಡ್ತು. ರಾಯಚೂರು ಗಂಜ್‌ನ್ಯಾಗ (ರೈತರ ಹತ್ತಿ, ಕಾಳು ಮಾರೋ ಪ್ಯಾಟಿ) ಹದಿನಾಲ್ಕು ವರ್ಷ ಲೆಕ್ಕ ಬರದೀನಿ, ಇಷ್ಟು ಖುಷಿ ಯಾವತ್ತೂ ಆಗಿದ್ದಿಲ್ಲ. ಹೋದ ಮಳಿಗಾಲದಾಗ ಡೆಂಗಿ ಬಂದದ್ದು, ಪ್ಲೇಟ್‌ಲೆಟ್ ಇಳದದ್ದು ಎಲ್ಲಾ ನಿಮಗ ಗೊತ್ತೇ ಅದ, ಅದನ್ನ ಮತ್ತ ಹೇಳಂಗಿಲ್ಲ. ಜ್ವರ ಬಿಟ್ಟ ಮ್ಯಾಲಿಂದು ಬಾಳ ಮಂದಿಗೆ ಗೊತ್ತಿಲ್ಲ.

ನನ್ನ ಕುರ್ಚಿ ಖಾಲಿ ಇಟ್ಟ ಸಾವಕಾರ್ರಿಗೆ, ದವಾಖಾನಿಗೆ ಓಡಾಡಿದ ನಮ್ಮ ಮನಿಯವ್ರಿಗೆ, ಫ್ರಿಜ್ ತುಂಬ ಚೀಟಿ ಅಂಟಿಸಿದ ಮಗಳಿಗೆ, ಹತ್ತಿ ಸೀಸನ್‌ನ್ಯಾಗ ನನ್ನ ಕೆಲಸಾನೂ ಹೊತ್ತ ಅಂಗಡಿ ಹುಡುಗ್ರಿಗೆ ಕೈ ಮುಗೀತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ದು ಒಂದೇ ಸಾಲಿಗೆ ಮುಗೀತು. ಇದು ನಮ್ಮ ನೆಗೆಣ್ಣಿ ಬಗ್ಗೆ ಬರಿಯೋದು, ನಾ ಆಕಿಗೆ ಅಕ್ಕ ಅಂತೀನಿ.

ಜ್ವರ ಹೋಗಿ ತಿಂಗಳಾದ್ರೂ ತಲ್ಯಾಗ ಹತ್ತಿ ತುರುಕಿದಂಗ ಇತ್ತು (ಗಂಜ್‌ನ್ಯಾಗ ಇರೋಳು, ಮತ್ತೇನು ನೆನಪಾಗ್ತದ). ಒಂದಿನ ಮಗಳಿಗೆ ಸಾಣಿಗಿ ತಾ ಅನ್ನಬೇಕು, ಶಬ್ದಾನೇ ಬರ್ಲಿಲ್ಲ, ತೂತು ಇರ್ತಾವಲ್ಲ, ಹಿಟ್ಟು, ಅದು, ಅದು ಅಂತ ಕೈ ಅಲ್ಲಾಡಿಸಿದೆ, ಆಕಿ ನಕ್ಕಳು, ನಾನೂ ನಕ್ಕೆ, ಆಮ್ಯಾಲ ಬಚ್ಚಲಕ್ಕ ಹೋಗಿ ಅತ್ತೆ. ಥೈರಾಯ್ಡ್, ಬಿ12, ಶುಗರ್, ರಕ್ತ ಎಲ್ಲಾ ನಾರ್ಮಲ್. ಮೊದಲು ತೋರಿಸಿದ ಡಾಕ್ಟರ್ ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬ್ಯಾಡ್ರಿ ಅಂದ್ರು, ಮನ್ಯಾಗ ಮೊಬೈಲ್ ಕಡಿಮಿ ಮಾಡು ಅಂದ್ರು. ರಿಪೋರ್ಟ್ ನಾರ್ಮಲ್ ಬಂದ್ರ ಮನುಷ್ಯ ಸುಳ್ಳುಗಾರ ಆಗ್ತಾನ ನೋಡ್ರಿ.

ದಸರಾ ಆದ ಮ್ಯಾಲ ಹಟ ಮಾಡಿ ಗಂಜ್‌ಗೆ ಹೋದೆ. ನಾಲ್ಕನೇ ದಿನ ಒಬ್ಬ ರೈತರ ಪಟ್ಟಿಗೆ 18,450 ಹಾಕಬೇಕಾದಲ್ಲಿ 1,84,500 ಹಾಕಿಬಿಟ್ಟೆ. ಆ ಯಜಮಾನ್ರೇ ಫೋನ್ ಮಾಡಿ ಅವ್ವಾ, ಒಂದು ಸೊನ್ನಿ ಜಾಸ್ತಿ ಬಿದ್ದದ ಅಂದ್ರು, ಅವ್ರ ಹೊಟ್ಟಿ ತಣ್ಣಗಿರಲಿ. ರೊಕ್ಕ ವಾಪಸ್ ಬಂತು, ನನ್ನ ಜೀವ ಬರ್ಲಿಲ್ಲ.

ಆ ರಾತ್ರಿ ಮಾಳಿಗಿ ಮ್ಯಾಲ ಹೋಗಿ ಕುಂತೆ. ಪಕ್ಕದ ಶಕ್ತಿನಗರದಾಗ ಕರೆಂಟ್ ಹುಟ್ತದ, ನಮ್ಮ ಓಣ್ಯಾಗ ಅವತ್ತು ಇದ್ದಿಲ್ಲ. ನಂಗ ಹುಚ್ಚು ಹಿಡೀತು, ಇನ್ನ ನಾ ಯಾವ ಕೆಲಸಕ್ಕೂ ಬರಂಗಿಲ್ಲ ಅಂತ ಕುಂತಾಗ ಅಕ್ಕ ಮ್ಯಾಲ ಬಂದ್ಲು. ನಾವಿಬ್ರೂ ಒಂದೇ ಅಂಗಳದಾಗ ಇದ್ರೂ ಒಲಿ ಬ್ಯಾರೆ ಆಗಿ ಒಂಬತ್ತು ವರ್ಷ, ಮಾತೂ ಬೇಕಾದಷ್ಟೇ. ಚಾದರ ಹಾಸಿ ಪಕ್ಕದಾಗ ಕುಂತ್ಲು. ಬಾಳೊತ್ತು ಏನೂ ಅನ್ಲಿಲ್ಲ. ಆಮ್ಯಾಲ, "ನಂಗೂ ಹಿಂಗಾಗಿತ್ತು, ಚಿಕುನ್‌ಗುನ್ಯಾ ಬಂದಾಗ" ಅಂದ್ಲು.

2006. ನಮ್ಮ ಕಡಿ ಊರೂರೇ ಕುಂಟಿದ ವರ್ಷ. ನಾ ಆಗ ಹೊಸ ಸೊಸಿ. ಅಕ್ಕಗ ಜ್ವರ ಹೋದ ಮ್ಯಾಲೂ ವರ್ಷಗಟ್ಟಲೆ ಕೀಲು ನೋವು, ಒಲಿ ಮುಂದ ಕುಂತ್ರ ಯಾಕ ಕುಂತೆ ಅನ್ನೋದೇ ಮರೀತಿದ್ಲಂತ. ಕೆಲಸ ತಪ್ಪಿಸಾಕ ನಾಟಕ ಮಾಡ್ತಾಳ ಅಂತ ಮನಿ ತುಂಬ ಅಂದ್ರು. ನಾನೂ ಅಂದಿದ್ದೆ. ಬರೇ ಅಂದಿದ್ದಿಲ್ಲ, ಆಕಿ ಕುಂಟೋದನ್ನ ಮಾಡಿ ತೋರಿಸಿ ಅತ್ತಿನ್ನ ನಗಿಸಿದ್ದೆ. ಇದನ್ನ ಇಲ್ಲಿ ಬರಿಯೋದು ಬ್ಯಾಡ ಅಂತ ಎರಡು ಸಲ ಅಳಿಸಿದೆ. ಅಕ್ಕಗ ಅದು ನೆನಪದ. ಸಿಟ್ಟಿಲ್ಲದೇ ಹೇಳಿದ್ಲು, "ಅದಕ್ಕೇ ತಂಗಿ, ಖರೇನೋ ಸುಳ್ಳೋ ಅಂತ ನಾ ನಿನಗ ಕೇಳಂಗಿಲ್ಲ."

ಬೆಳಗ್ಗೆ ಹಾಲಿನವ ಬರೋತನ ಕೂಡೇ ಇದ್ಲು.

ಮರುದಿನದಿಂದ ನಮ್ಮ ಒಲಿ ಆಕಿ ಕೈಗೆ. ನನಗ ಒಂದೇ ಕೆಲಸ, ರೊಟ್ಟಿ ಬಡಿಯೋದು. ಕೈಗೆ ರೊಟ್ಟಿ ಮರ್ತಿದ್ದಿಲ್ಲ, ಹಿಟ್ಟು ಎಲ್ಲೂ ಹರೀದಂಗ ದುಂಡಗ ಬರ್ತಿತ್ತು, ಎಷ್ಟು ಬಡದೆ ಅನ್ನೋದು ಮಾತ್ರ ಗೊತ್ತಾಗ್ತಿದ್ದಿಲ್ಲ. ಅಕ್ಕ ಒಂದೊಂದು ರೊಟ್ಟಿ ಹಂಚಿಗೆ ಹೋದಂಗ ಹಿಟ್ಟಿನ ಬೆರಳಿಂದ ಗ್ವಾಡಿಗೆ ಒಂದು ಗೀಟು ಎಳೀತಿದ್ಲು, ಕೊನಿಗೆ ಎಣಿಸು ಅಂತಿದ್ಲು. ಮೊದಲ ವಾರ ಹತ್ತಕ್ಕ ತಪ್ಪತಿದ್ದೆ.

ಸ್ವಲ್ಪ ಹುಷಾರಾತು ಅಂತ ಒಂದಿನ ಮನಿ ಎಲ್ಲಾ ತೊಳದೆ. ಅವತ್ತು ಏನಾಗ್ಲಿಲ್ಲ, ಎರಡನೇ ದಿನ ಮಂಚದಿಂದ ಏಳಾಕೇ ಆಗ್ಲಿಲ್ಲ. ಅಕ್ಕ ಬೈದ್ಲು, "ಬ್ಯಾಸಗ್ಯಾಗ ಬಾವ್ಯಾಗ ಒರತಿ ಎಷ್ಟು ಬರ್ತದ ಅಷ್ಟೇ ಸೇದಬೇಕು, ಕೊಡ ತಳಕ್ಕ ಬಡಿದ್ರ ರಾಡಿ ಬರ್ತದ." ಆಮ್ಯಾಲ ತೋರಿಸಿದ ಡಾಕ್ಟರೂ ಹೇಳಿದ್ದು ಅದನ್ನೇ, ಇಂಗ್ಲಿಷಿನ್ಯಾಗ. ಹಿಂಗ ತಲಿ ಮಬ್ಬಾಗೋದಕ್ಕ ಬ್ರೇನ್ ಫಾಗ್ ಅಂತಾರ, ಅದು ರೋಗದ ಹೆಸರಲ್ಲ, ಲಕ್ಷಣ, ಕೊರೊನಾ ಆದ ಮ್ಯಾಲ ಎಲ್ಲಾರ ಬಾಯಾಗ ಬಂತು, ಬ್ಯಾರೆ ವೈರಲ್ ಜ್ವರದ ಮ್ಯಾಲೂ ಕೆಲವ್ರಿಗೆ ಬರ್ತದ ಅಂದ್ರು. ಮೆದುಳು ಮೈ ತೂಕದಾಗ ನೂರಕ್ಕ 2 ಪಾಲು ಇದ್ದು, ಮೈಯಾಗಿನ ಶಕ್ತಿ ನೂರಕ್ಕ 20 ಪಾಲು ತಿಂತದಂತ. ಇದಕ್ಕಂತ ಗುಳಿಗಿ ಇಲ್ಲ, ನಿದ್ದಿ ಸರಿ ಮಾಡ್ಕೋರಿ, ದಣಿಯೋಕಿಂತ ಮೊದಲೇ ನಿಲ್ಲಿಸ್ರಿ ಅಂದ್ರು. ಯಾಕ್ ಹಿಂಗಾಗ್ತದ ಅಂತ ಅರ್ಥ ಆದ ಮ್ಯಾಲ ಅರ್ಧ ಹೆದರಿಕಿ ಹೋತು. ಉಳಿದರ್ಧ ಸಂಕ್ರಾಂತಿತನ ಇತ್ತು, ಆಮ್ಯಾಲ ದಿನಾ ಎರಡು ತಾಸು ಗಂಜ್‌ಗೆ ಹೊಂಟೆ, ಹಂಗೇ ಬೆಳೀತು.

ಅಕ್ಕಗ ಓದಾಕ ಬರಂಗಿಲ್ಲ. ಇದನ್ನ ಮಗಳು ಓದಿ ಹೇಳ್ತಾಳ, ಕುಂಟಿ ತೋರಿಸಿದ್ದೂ ಸೇರಿ ಎಲ್ಲಾ ಓದು ಅಂದೀನಿ. ಹತ್ತೊಂಬತ್ತು ವರ್ಷಕ್ಕ ತಪ್ಪಾತಕ್ಕ ಅಂತ ಬಾಯಿಬಿಟ್ಟು ಹೇಳಾಕ ನಂಗ ಇನ್ನೂ ಆಗಿಲ್ಲ.

ಪೂರ್ತಿ ಆರಾಮಾಗೀನಿ ಅಂತ ತಿಳ್ಕೋಬ್ಯಾಡ್ರಿ ಮತ್ತ. ಮಧ್ಯಾಹ್ನ ಮೂರರ ಮ್ಯಾಲ ಯಾರೂ ಲೆಕ್ಕ ಕೇಳಾಕ ಫೋನ್ ಮಾಡಬ್ಯಾಡ್ರಿ. ಮಾಡಿದ್ರೂ ಎತ್ತಂಗಿಲ್ಲ, ಮೊಬೈಲ್ ಅಕ್ಕನ ಜೋಳದ ಡಬ್ಬಿ ಮ್ಯಾಲ ಇರ್ತದ.