ಮಗಳಿಗೊಂದು ಪತ್ರ: ಮಳೆಗಾಲದ ಬಾಣಂತನಕ್ಕೆ ಮುಂಚೆ

ಪ್ರೀತಿಯ ಪುಟ್ಟಿ,

ನಿನ್ನ ಗೆಳತಿ ಹೇಳಿದ ಇಮ್ಯೂನಿಟಿ ಪುಡಿಯನ್ನು ಹಾಲಿಗೆ ಹಾಕಿ ಕುಡಿಯಲಾ ಎಂದು ಕೇಳಿದ್ದೆಯಲ್ಲ, ಬೇಡ. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಬಿಟ್ಟು ಬೇರೆ ಪುಡಿ, ಕಷಾಯ ಯಾವುದನ್ನೂ ಅವರನ್ನು ಕೇಳದೆ ಮುಟ್ಟಬೇಡ. ಅಮೃತಬಳ್ಳಿಯೂ ಅಷ್ಟೆ. ಕೋವಿಡ್ ಕಾಲದಲ್ಲಿ ಅದನ್ನು ದಿನವೂ ತೆಗೆದುಕೊಂಡ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅವರ ವಾದ ಅವರಿಗಿರಲಿ. ಹೊಟ್ಟೆಯಲ್ಲಿ ಕೂಸಿರುವಾಗ ಅಂಥ ಪರೀಕ್ಷೆ ನಮಗೆ ಬೇಡ.

ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು.

ನಿನಗೆ ದಿನ ತುಂಬುವುದು ಜುಲೈ ಕೊನೆಗೆ. ಸಕಲೇಶಪುರದ ಆಷಾಢದ ಮಳೆ ನಿನಗೆ ಗೊತ್ತೇ ಇದೆ. ಹಿಡಿದರೆ ಬಿಡುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಕಿಟಕಿ ತೆಗೆಯುವವರಿಲ್ಲ, ಮನೆಮಂದಿಯೆಲ್ಲ ಒಲೆಯ ಸುತ್ತ. ನಮ್ಮ ದೇಶದಲ್ಲಿ ಫ್ಲೂ ಜೋರಾಗುವುದು ವರ್ಷಕ್ಕೆ ಎರಡು ಸಲ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ಮಳೆಯಲ್ಲಿ ನೆನೆದರೆ ಜ್ವರ ಎಂದು ಅಜ್ಜಿ ಈಗಲೂ ಹೇಳುತ್ತಾರೆ. ನೆನೆಯುವುದಕ್ಕಿಂತ, ಮುಚ್ಚಿದ ಕೋಣೆಯಲ್ಲಿ ಒಬ್ಬರು ಕೆಮ್ಮಿದ ಗಾಳಿಯನ್ನೇ ಉಳಿದವರು ಉಸಿರಾಡುತ್ತಾರಲ್ಲ, ಕಾಯಿಲೆ ಹರಡುವುದು ಅದರಿಂದ.

ಕೂಸು ಹುಟ್ಟುವುದು ಸರಿಯಾಗಿ ಆ ಹೊತ್ತಿಗೆ. ಆರು ತಿಂಗಳು ತುಂಬುವ ತನಕ ಮಗುವಿಗೆ ಫ್ಲೂ ಲಸಿಕೆ ಕೊಡುವ ಹಾಗಿಲ್ಲ. ಅಲ್ಲಿಯವರೆಗೆ ಅದನ್ನು ಕಾಯಬೇಕಾದವರು ಮೊದಲು ನೀನು, ಆಮೇಲೆ ಅದರ ಸುತ್ತ ಇರುವ ನಾವು.

ಆದ್ದರಿಂದ ಈ ವಾರವೇ ಡಾಕ್ಟರ ಹತ್ತಿರ ಫ್ಲೂ ಲಸಿಕೆ ಕೇಳು. ಗರ್ಭಿಣಿಯರಿಗೆ ಇದನ್ನು ಎಲ್ಲರಿಗಿಂತ ಮೊದಲು ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಬಸುರಿಯರಿಗೆ ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರುವುದಿಲ್ಲ. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಅಷ್ಟೆ. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನೂ ವರ್ಷ ವರ್ಷ ಹೊಸದಾಗಿ ಮಾಡುತ್ತಾರೆ. ಈ ಸಲದ್ದೇ ಕೊಡಿ ಎಂದು ಕೇಳು. ಮೈಯಲ್ಲಿ ಆಂಟಿಬಾಡಿ, ಅಂದರೆ ವೈರಸ್ಸನ್ನು ತಡೆಯುವ ಅಂಶ, ತಯಾರಾಗಲು ಸುಮಾರು 2 ವಾರ ಬೇಕು. ಆಮೇಲೆ ಅವು ನಿನ್ನ ರಕ್ತದಿಂದ ಕೂಸಿಗೆ ಹೋಗುತ್ತವೆ. ಕೊನೆಯ ಮೂರು ತಿಂಗಳಲ್ಲೇ ಅದು ಜಾಸ್ತಿ. ದಾರಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ, ಹುಟ್ಟಿದ ಮೇಲಿನ ಕೆಲವು ತಿಂಗಳಿಗೆ ಬೇಕಾದ್ದನ್ನು ನೀನು ಈಗಲೇ ಕೊಟ್ಟು ಕಳಿಸುತ್ತೀಯ. ಬಾಂಗ್ಲಾದೇಶದಲ್ಲಿ ಬಸುರಿಯರಿಗೆ ಈ ಲಸಿಕೆ ಕೊಟ್ಟು ನೋಡಿದ್ದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆದ ತಾಯಂದಿರ ಮಕ್ಕಳಲ್ಲಿ ಮೊದಲ ಆರು ತಿಂಗಳು ಫ್ಲೂ ಶೇ 63ರಷ್ಟು ಕಡಿಮೆ ಇತ್ತು. ಯಾವ ಡಬ್ಬಿಯ ಪುಡಿ ಇಷ್ಟು ಮಾಡುತ್ತದೆ ಹೇಳು?

ನಾಯಿಕೆಮ್ಮಿನ ಲಸಿಕೆಯನ್ನೂ ಕೇಳು. ಟಿಡ್ಯಾಪ್ ಎನ್ನುತ್ತಾರೆ, 27ರಿಂದ 36ನೇ ವಾರದೊಳಗೆ ಹಾಕಿಸಿಕೊಳ್ಳುವುದು. ನಾಯಿಕೆಮ್ಮು ವೈರಸ್‌ನಿಂದ ಬರುವುದಲ್ಲ, ಬ್ಯಾಕ್ಟೀರಿಯಾದಿಂದ. ಆದರೆ ಎಳೆಗೂಸಿಗೆ ಅದೇ ಹೆಚ್ಚು ಅಪಾಯ, ಅದಕ್ಕೆ ಮಗುವಿನ ಸ್ವಂತ ಲಸಿಕೆ ಶುರುವಾಗುವುದು 6ನೇ ವಾರಕ್ಕೆ.

ಇಲ್ಲಿ ಅಜ್ಜಿಗೂ ನನಗೂ ಅಪ್ಪನಿಗೂ ಫ್ಲೂ ಲಸಿಕೆ ಹಾಕಿಸುತ್ತಿದ್ದೇನೆ. ಅಳಿಯಂದಿರೂ ಹಾಕಿಸಿಕೊಳ್ಳಲಿ. ಅವರು ಬೆಂಗಳೂರಿನಿಂದ ರೈಲಿನಲ್ಲೋ ಬಸ್ಸಿನಲ್ಲೋ ಬಂದು ಹೋಗುತ್ತಿರುವವರು. ಅಜ್ಜಿ ಮೊದಲು ಒಪ್ಪಲಿಲ್ಲ, ಈ ವಯಸ್ಸಿಗೆ ನನಗ್ಯಾಕೆ ಸೂಜಿ ಅಂದರು. 2023ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಆಲೂರು ತಾಲ್ಲೂಕಿನ ಹಿರಿಯರೊಬ್ಬರು ಎಚ್3ಎನ್2 ಫ್ಲೂನಿಂದ ತೀರಿಕೊಂಡ ಸುದ್ದಿ ಅವರಿಗೆ ನೆನಪಿತ್ತು. ಅದನ್ನು ಹೇಳಿದೆ. ಅದಕ್ಕಿಂತ, ಮರಿಮೊಮ್ಮಗುವನ್ನು ಎತ್ತಿಕೊಳ್ಳಬೇಕಲ್ವಾ ಅಂದದ್ದು ಕೆಲಸ ಮಾಡಿತು.

ಈಗ ಬಾಣಂತಿ ಕೋಣೆಯ ವಿಷಯ. ಕೆಲವು ಪದ್ಧತಿಗಳನ್ನು ನಾನು ಬಿಡುತ್ತೇನೆ. ಅಕ್ಕಪಕ್ಕದವರು ಏನಂದರೂ ಸರಿ, ನೀನು ಬೇಜಾರು ಮಾಡಿಕೊಳ್ಳಬೇಡ. ಕೂಸಿಗೆ ಎರೆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡುತ್ತಾರಲ್ಲ, ಅದು ಬೇಡ. ಹೊಗೆ ಎಳೆ ಶ್ವಾಸಕೋಶವನ್ನು ಕೆರಳಿಸುತ್ತದೆ. ಹೊಗೆ ಕುಡಿದ ಮಕ್ಕಳಿಗೆ ನ್ಯುಮೋನಿಯಾ ಬೇಗ ಹಿಡಿಯುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ ಬೆಚ್ಚಗೆ ಸುತ್ತಿದರೆ ಸಾಕು. ಬಚ್ಚಲ ಹಂಡೆಯ ಒಲೆಯ ಹೊಗೆ ಒಳಗೆ ಬರದ ಹಾಗೆ ನಿನಗೆ ಮೂಲೆಯ ಕೋಣೆ ಗೊತ್ತು ಮಾಡಿದ್ದೇನೆ. ಅದಕ್ಕೆ ಎರಡು ಕಿಟಕಿ. ಎರಚಲು ಹೊಡೆಯದ ಕಡೆಯದನ್ನು ದಿನವೂ ಸ್ವಲ್ಪ ಹೊತ್ತು ತೆಗೆದಿಡೋಣ. ಅಪ್ಪ ಬೀಡಿ ಬಿಡುತ್ತೇನೆ ಎಂದಿದ್ದಾರೆ. ಬಿಡುವವರೆಗೆ ಅಂಗಿ ಬದಲಿಸದೆ, ಕೈ ತೊಳೆಯದೆ ಕೂಸನ್ನು ಎತ್ತುವ ಹಾಗಿಲ್ಲ ಎಂದು ಹೇಳಿದ್ದೇನೆ.

ಜೇನುತುಪ್ಪ ನೆಕ್ಕಿಸುವುದೂ ಬೇಡ, ಒಂದು ವರ್ಷ ತುಂಬುವ ತನಕ. ಅದರಲ್ಲಿ ಬಾಟುಲಿಸಂ ಎಂಬ, ಎಳೆಗೂಸಿನ ಸ್ನಾಯುಗಳನ್ನು ಸಡಿಲ ಮಾಡುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು. ಎದೆಗೆ ಕರ್ಪೂರದ ಎಣ್ಣೆ ಹಚ್ಚುವುದು, ಹಬೆ ಕೊಡುವುದು, ಯಾವುದೂ ಇಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆಯೇ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಹುಟ್ಟಿದ ಕೂಡಲೇ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ನನಗೆ ಅದನ್ನು ಕೇಳಿದರೇ ಸಂಕಟ. ರೋಗ ತಡೆಯುವ ಅಂಶ ತುಂಬಿರುವುದೇ ಆ ಹಾಲಿನಲ್ಲಿ. ಆರು ತಿಂಗಳು ಎದೆಹಾಲು ಒಂದೇ. ನಿನಗೇ ಶೀತ, ಜ್ವರ ಬಂದರೂ ಹಾಲು ನಿಲ್ಲಿಸಬೇಡ. ಕೈ ತೊಳೆದು, ಮಾಸ್ಕ್ ಹಾಕಿ ಕುಡಿಸು.

ನಿನ್ನ ಊಟಕ್ಕೆ ಯೋಚನೆ ಇಲ್ಲ. ಮೆಂತ್ಯ, ಬೆಳ್ಳುಳ್ಳಿ, ಕಾಳುಮೆಣಸಿನ ಸಾರು, ನಾಟಿ ಕೋಳಿ, ಅಂಟಿನುಂಡೆ ಎಲ್ಲ ಇರುತ್ತದೆ. ಅವು ಔಷಧಿ ಅಂತಲ್ಲ, ಹಸಿವಾಗುತ್ತದೆ, ಬಾಯಿಗೆ ರುಚಿ. ಜೊತೆಗೆ ಸೊಪ್ಪು, ಬೇಳೆ, ಮೊಟ್ಟೆ, ಸೀಬೆಹಣ್ಣು. ಬಾಣಂತಿಗೆ ತಣ್ಣಗಾಗುತ್ತದೆ ಎಂದು ಹಣ್ಣು ತಪ್ಪಿಸುವವರ, ನೀರು ಅಳೆದು ಕೊಡುವವರ ಮಾತು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಹಾಲೂಡಿಸುವವಳಿಗೆ ಬಾಯಾರಿಕೆ ಜಾಸ್ತಿ. ಎಷ್ಟು ಬೇಕೋ ಅಷ್ಟು ಕುಡಿ.

ನಿದ್ದೆಯ ಬಗ್ಗೆ ನನಗೆ ಜಾಸ್ತಿ ಚಿಂತೆ. 2015ರಲ್ಲಿ ಅಮೆರಿಕದ ಸಂಶೋಧಕರು ಒಂದು ಫಲಿತಾಂಶ ಪ್ರಕಟಿಸಿದರು. 164 ಜನರ ಮೂಗಿಗೆ ಶೀತದ ವೈರಸ್ ಹನಿ ಹಾಕಿ ನೋಡಿದ್ದರಂತೆ. ರಾತ್ರಿ 6 ಗಂಟೆಗಿಂತ ಕಡಿಮೆ ಮಲಗುವವರಿಗೆ ಶೀತ ಹಿಡಿಯುವ ಸಂಭವ, 7 ಗಂಟೆಗಿಂತ ಹೆಚ್ಚು ಮಲಗುವವರಿಗಿಂತ 4 ಪಟ್ಟು ಜಾಸ್ತಿ. ಎಳೆ ಬಾಣಂತಿಗೆ 7 ಗಂಟೆ ಒಟ್ಟಿಗೆ ಎಲ್ಲಿ ಸಿಗುತ್ತದೆ? ಅದಕ್ಕೇ ನಡುರಾತ್ರಿ ನೀನು ಹಾಲು ಕುಡಿಸಿದ ಕೂಡಲೇ ಕೂಸನ್ನು ನನ್ನ ಕೈಗೆ ಕೊಟ್ಟು ಮಲಗಬೇಕು. ಬಟ್ಟೆ ಬದಲಿಸುವುದು, ತೇಗು ಬರಿಸುವುದು ನನ್ನ ಪಾಲಿಗೆ. ಹಗಲಲ್ಲಿ ಫೋನ್ ಅಜ್ಜಿಯ ಹತ್ತಿರ ಇರಲಿ.

ಕೂಸನ್ನು ನೋಡಲು ಬರುವವರನ್ನು ಬಾರದಿರಿ ಅನ್ನಲಾಗುವುದಿಲ್ಲ. ಬರಲಿ, ಕಾಫಿ ಕುಡಿಯಲಿ, ಬಾಗಿಲಲ್ಲಿ ನಿಂತು ನೋಡಲಿ. ಎತ್ತಿಕೊಳ್ಳುವವರು ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಲಿ. ಮುಖಕ್ಕೆ ಮುತ್ತು ಬೇಡ. ಮೂಗು ಸುರಿಯುವವರು, ಕೆಮ್ಮುವವರು ವಾಸಿಯಾದ ಮೇಲೆ ಬರಲಿ. ಅಣ್ಣನ ಮಕ್ಕಳು ಶಾಲೆಯಿಂದ ಶೀತ ತರುತ್ತಲೇ ಇರುತ್ತಾರೆ, ಅವರಿಗೆ ನಾನೇ ತಿಳಿಸಿ ಹೇಳುತ್ತೇನೆ. ನಿಷ್ಠುರದ ಮಾತೆಲ್ಲ ನನ್ನ ಬಾಯಿಂದಲೇ ಬರಲಿ, ನೀನು ಸುಮ್ನೆ ಇರು. ನಾಮಕರಣವನ್ನೂ ಮಳೆ ಕಡಿಮೆಯಾದ ಮೇಲೆ ಇಟ್ಟುಕೊಳ್ಳೋಣ.

ಇಷ್ಟೆಲ್ಲ ಮಾಡಿಯೂ ಕೂಸಿಗೆ ಕಾಯಿಲೆ ಬರಬಹುದು. ಮೂರು ತಿಂಗಳೊಳಗೆ 100.4 ಡಿಗ್ರಿ ಜ್ವರ ಕಂಡರೆ, ಹಾಲು ಬಿಟ್ಟರೆ, ಉಸಿರಾಡುವಾಗ ಎದೆಯ ಕೆಳಭಾಗ ಒಳಗೆ ಎಳೆದುಕೊಂಡರೆ, ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲವೋ ಅದಕ್ಕೂ ಜಾಸ್ತಿಯೋ ಉಸಿರಾಡಿದರೆ, ಬೆಳಗಾಗಲಿ ಅಂತ ಕಾಯುವುದಿಲ್ಲ. ಸಕಲೇಶಪುರದ ಸರ್ಕಾರಿ ಆಸ್ಪತ್ರೆಗೆ ಹೊರಡುವುದೇ. ಅಲ್ಲಿಂದ ಹಾಸನಕ್ಕೆ ಕಳಿಸಿದರೆ ಸುಮಾರು 40 ಕಿಲೋಮೀಟರ್. ಮಳೆಯಲ್ಲಿ ರಾತ್ರಿ ವಾಹನ ಓಡಿಸುವವರೊಬ್ಬರನ್ನು ಅಪ್ಪ ಈಗಲೇ ಗೊತ್ತುಮಾಡಿದ್ದಾರೆ.

ಬರುವಾಗ ತಾಯಿ ಕಾರ್ಡ್, ಸ್ಕ್ಯಾನಿಂಗ್ ಚೀಟಿ, ಒಂದು ಡಿಜಿಟಲ್ ಥರ್ಮಾಮೀಟರ್ ತಾ. ರೈಲಿನಲ್ಲಿ ಮಾಸ್ಕ್ ಹಾಕಿಕೋ. ಲಸಿಕೆ ಯಾವ ದಿನ ಎಂದು ಗೊತ್ತಾದ ಕೂಡಲೇ ಫೋನ್ ಮಾಡು.

ನಿನ್ನ,
ಅಮ್ಮ