ಕಾಕಂಬಿಯಲ್ಲಿ ನೆನೆಸಿದ ಕಬ್ಬಿಣ

ಲೀಡ್ಸ್, ಇಂಗ್ಲೆಂಡ್
12 ಅಕ್ಟೋಬರ್ 2025

ತೀರ್ಥರೂಪು ಅಪ್ಪನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ನೀವು ಮೊಬೈಲನ್ನು ಹೆಚ್ಚು ಹೊತ್ತು ನೋಡಬಾರದೆಂದು ವೈದ್ಯರು ಹೇಳಿರುವುದರಿಂದ ಫೋಟೋ ಕಳಿಸುವುದನ್ನು ಬಿಟ್ಟು ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಇದನ್ನು ನಿಮಗೆ ನಿಧಾನವಾಗಿ ಓದಿ ಹೇಳಲಿ. ಕಳೆದ ಭಾನುವಾರ ಅಮ್ಮ ಫೋನಿನಲ್ಲಿ, ಆ ಗುಜರಿ ಗಾಡಿಗೆ ಇನ್ನೂ ಎಷ್ಟು ಸುರಿಯುತ್ತೀಯ ಎಂದು ಕೇಳಿದಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಲೆಕ್ಕವನ್ನೂ ಕೆಲಸವನ್ನೂ ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ಕೊನೆಯಲ್ಲಿ ನಿಮ್ಮಿಂದ ಒಂದು ತೀರ್ಮಾನ ಬೇಕಾಗಿದೆ.

ಗಾಡಿ 1974ರ ಲ್ಯಾಂಡ್ ರೋವರ್. ಮೂರನೆಯ ಸರಣಿಯದು, ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ 109 ಇಂಚು ಅಂತರವಿರುವ ಉದ್ದನೆಯ ಪಿಕಪ್. ನಾಲ್ಕು ಸಿಲಿಂಡರಿನ 2,286 ಸಿ.ಸಿ. ಪೆಟ್ರೋಲ್ ಎಂಜಿನ್, ನಾಲ್ಕೂ ಮೂಲೆಯಲ್ಲಿ ಕಮಾನು ಪಟ್ಟೆ, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಹಳದಿ ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಮುಂದಿನ ಗಾಲಿಗಳಿಗೂ ಬಲ ಹೋಗುತ್ತದೆ, ಕೆಂಪು ಗುಂಡಿಯ ಲಿವರನ್ನು ಹಿಂದಕ್ಕೆ ಎಳೆದರೆ ಕೆಸರಿಗೂ ಏರಿಗೂ ಬೇಕಾದ ತಗ್ಗಿನ ಗೇರು ಕೂರುತ್ತದೆ. ಮಂಡ್ಯದ ಗುತ್ತಲು ರಸ್ತೆಯ ನಮ್ಮ ಅಂಗಡಿಯಲ್ಲಿ ನೀವು ರಿಪೇರಿ ಮಾಡುತ್ತಿದ್ದ ಮಹೀಂದ್ರ ಜೀಪುಗಳಿಗೆ ಇದು ರಕ್ತಸಂಬಂಧಿ. ರೋವರ್ ಕಂಪನಿಯಲ್ಲಿದ್ದ ಮಾರಿಸ್ ವಿಲ್ಕ್ಸ್ ಎಂಬ ಎಂಜಿನಿಯರರು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಮಾರಿದ ಒಂದು ವಿಲ್ಲೀಸ್ ಜೀಪನ್ನು ಆಂಗಲ್ಸೀ ದ್ವೀಪದ ತಮ್ಮ ಜಮೀನಿನಲ್ಲಿ ಬಳಸುತ್ತಿದ್ದರು. 1947ರಲ್ಲಿ ಅವರು ಕಟ್ಟಿಸಿದ ಮೊದಲ ಮಾದರಿ ಜೀಪಿನ ಚಾಸಿಯ, ಅಂದರೆ ಭಾರ ಹೊರುವ ಅಡಿಚೌಕಟ್ಟಿನ, ಮೇಲೆಯೇ ನಿಂತಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಂ ಮೋಟಾರು ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಜನರೆದುರು ಬಂತು. ಇದರ ಕೆಳಗೆ ಮಲಗಿ ಮೇಲೆ ನೋಡಿದಾಗ ಪಟ್ಟೆಯನ್ನು ಚಾಸಿಗೆ ತಗುಲಿಸುವ ಶ್ಯಾಕಲ್ಲು, ಪ್ರೊಪೆಲ್ಲರ್ ಶಾಫ್ಟು, ಟ್ರಾನ್ಸ್‌ಫರ್ ಕೇಸು ಎಲ್ಲವೂ ನನ್ನ ಕೈಗೆ ಗುರುತಿರುವ ಜಾಗಗಳಲ್ಲೇ ಇದ್ದವು. ಸ್ಪ್ಯಾನರು ಮಾತ್ರ ಇಂಚಿನವೇ ಬೇಕು; ನೀವು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಇಂಚಿನ ಸೆಟ್ಟನ್ನು ನಾನು ಇಲ್ಲಿಗೆ ತರದೆ ಬಂದದ್ದಕ್ಕೆ ಈಗ ಬಹಳ ಬೇಸರವಾಗುತ್ತಿದೆ.

ಯುದ್ಧಾನಂತರ ಉಕ್ಕಿಗೆ ರೇಷನ್ ಇದ್ದುದರಿಂದ ಇದರ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು, ಆ ಪದ್ಧತಿ ಹಾಗೆಯೇ ಉಳಿಯಿತು. ಹೀಗಾಗಿ ಹೊರಗಿನಿಂದ ನೋಡುವವರಿಗೆ ಗಾಡಿ ಗಟ್ಟಿಯಾಗಿಯೇ ಕಾಣುತ್ತದೆ. ಕೆಡುವುದೆಲ್ಲ ಕಾಣದ ಕಡೆ. ಚಾಸಿ ತೆಳು ಉಕ್ಕಿನ ತಗಡನ್ನು ಪೆಟ್ಟಿಗೆಯಂತೆ ಬೆಸೆದದ್ದು, ಅದರ ಒಳಗೆ ಕೆಸರು ಸೇರಿದರೆ ಹೊರಬರುವುದಿಲ್ಲ. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ಇಲ್ಲಿ ಲಾರಿಗಳಲ್ಲಿ ಕಲ್ಲುಪ್ಪು ತಂದು ಚೆಲ್ಲುತ್ತಾರೆ; ಆ ಉಪ್ಪುನೀರು ಪೆಟ್ಟಿಗೆಯ ಹೊಟ್ಟೆಗೆ ಇಳಿದು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಉಕ್ಕೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ಮುಟ್ಟಿರುವ ಕಡೆ ಅದೇ ನೀರು ಬ್ಯಾಟರಿಯ ಆಸಿಡ್ಡಿನ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಮ್ಮನ್ನು ಬಿಳಿ ಪುಡಿಯಾಗಿಸುತ್ತದೆ. ನಮ್ಮ ಕಡೆ ಗೊಬ್ಬರ ಹೊತ್ತ ಟ್ರೇಲರಿನ ತಳ ಎರಡೇ ವರ್ಷಕ್ಕೆ ಜರಡಿಯಾಗುತ್ತಿದ್ದುದನ್ನು ನೆನಪಿಸಿಕೊಳ್ಳಿ.

ಮಾರಿದವರು ಚಾಸಿಗೆ ದಪ್ಪನಾಗಿ ಕಪ್ಪು ಡಾಂಬರು ಬಳಿದಿದ್ದರು. ನಾನು ದುಡ್ಡು ಕೊಡುವ ಮುಂಚೆ ಸುತ್ತಿಗೆಯಿಂದ ತಟ್ಟಿ ನೋಡಿದೆ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಸತ್ತ ಉಕ್ಕು ಒದ್ದೆ ಮಣ್ಣಿನಂತೆ ಮಾತಾಡುವುದಿಲ್ಲ ಎಂದು ನೀವು ಕಲಿಸಿದ್ದು ಅಲ್ಲಿ ಕೆಲಸಕ್ಕೆ ಬಂತು: ಹಿಂದಿನ ಅಡ್ಡತೊಲೆ ಮತ್ತು ಬಲಗಡೆಯ ಎರಡು ಔಟ್‌ರಿಗರ್ (ಚಾಸಿಯಿಂದ ಪಕ್ಕಕ್ಕೆ ಚಾಚಿ ಮೈಯನ್ನು ಹೊರುವ ತೋಳು) ಸತ್ತಿವೆಯೆಂದು ಅಲ್ಲೇ ತಿಳಿದು, ಅವರು ಕೇಳಿದ ಬೆಲೆಯಿಂದ 600 ಪೌಂಡು ಇಳಿಸಿ 1,900ಕ್ಕೆ ಕೊಂಡೆ. ಆದರೆ ಡಾಂಬರನ್ನು ಕೆರೆದಾಗ ಎಡಗಡೆಯ ಉದ್ದತೊಲೆಯಲ್ಲಿ ಇನ್ನೊಂದು ಮೋಸ ಸಿಕ್ಕಿತು. ಯಾರೋ ಒಂದಡಿ ಉದ್ದದ ತೂತಿಗೆ ಜಾಲರಿ ಒತ್ತಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ ನಯ ಮಾಡಿದ್ದರು. ಭಾರ ಹೊರುವ ತೊಲೆಗೆ ಪುಟ್ಟಿ ಹಾಕುವ ಮನಸ್ಸು ಒಬ್ಬ ಕೆಲಸಗಾರನಿಗೆ ಹೇಗೆ ಬಂತೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಆಗ ಇದ್ದ ದಾರಿ ಎರಡು. ಸತು ಲೇಪಿಸಿದ ಹೊಚ್ಚ ಹೊಸ ಚಾಸಿಯೇ ಇಲ್ಲಿ ಮಾರಾಟಕ್ಕೆ ಸಿಗುತ್ತದೆ. ಅದಕ್ಕೆ ಗಾಡಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು ಹಣ ಬೇಕು. ನಾನು ಹಾಕಿಕೊಂಡಿರುವ ಮಿತಿ ಒಟ್ಟು 3,500 ಪೌಂಡು, ಅದೂ ಆಸ್ಪತ್ರೆಯ ರಾತ್ರಿ ಪಾಳಿಯ ಭತ್ಯೆಯಿಂದ ಮಾತ್ರ. ಮನೆಗೆ ಕಳಿಸುವ ಹಣವನ್ನಾಗಲಿ ತಮ್ಮನ ಶುಲ್ಕವನ್ನಾಗಲಿ ಈ ಗಾಡಿ ಮುಟ್ಟುವುದಿಲ್ಲವೆಂದು ಅಮ್ಮನಿಗೆ ದಯವಿಟ್ಟು ಹೇಳಿ. ಹೀಗಾಗಿ ಸತ್ತ ಭಾಗಗಳನ್ನು ಕತ್ತರಿಸಿ, ಬದುಕಿರುವುದಕ್ಕೆ ಹೊಸ ತಗಡು ಬೆಸೆಯುವುದೆಂದು ನಿಶ್ಚಯಿಸಿದೆ. ಜೊತೆಗೆ ಬಂದಿದ್ದ ಹಿಂದಿನ ಟಾರ್ಪಾಲು ಚೌಕಟ್ಟನ್ನು 300ಕ್ಕೆ ಮಾರಿದೆ. ಹಳೆಯ ವೆಲ್ಡಿಂಗ್ ಯಂತ್ರವೊಂದು 180ಕ್ಕೆ ಸಿಕ್ಕಿತು. ಜಾಗಕ್ಕೆ ಬಾಡಿಗೆಯಿಲ್ಲ, ಸಹೋದ್ಯೋಗಿಯೊಬ್ಬಳ ತಂದೆ ಊರ ಹೊರಗಿನ ತಮ್ಮ ಕೊಟ್ಟಿಗೆಯನ್ನು ಬಿಟ್ಟುಕೊಟ್ಟಿದ್ದಾರೆ, ಅದಕ್ಕೆ ಪ್ರತಿಯಾಗಿ ಅವರ ಎರಡು ಗೇಟುಗಳನ್ನೂ ಕುರಿ ಸಾಗಿಸುವ ಟ್ರೇಲರಿನ ತಳವನ್ನೂ ಬೆಸೆದುಕೊಟ್ಟೆ. ಇಂದಿನವರೆಗೆ ಖರ್ಚಾಗಿರುವುದು 2,780, ಉಳಿದಿರುವುದು 720. ಅದರಲ್ಲಿ ಐದು ಟೈರು ಆಗಬೇಕು.

ಈಗ ನಿಮಗೆ ಬಹಳ ಸಂತೋಷ ಕೊಡುವ ಸಂಗತಿಗೆ ಬರುತ್ತೇನೆ. ಬ್ರೇಕ್ ಡ್ರಮ್ಮು, ಶ್ಯಾಕಲ್ ಪಟ್ಟಿ, ಬ್ರ್ಯಾಕೆಟ್ಟು, ಪೆಡಲಿನ ಕೈ ಹೀಗೆ ಸಣ್ಣ ಸಾಮಾನುಗಳು ರಾಶಿಯಾಗಿ ಬಿದ್ದಿದ್ದವು, ಒಂದೊಂದರ ಮೇಲೂ ಎಲೆಎಲೆಯಾಗಿ ಏಳುವ ತುಕ್ಕು. ಮರಳು ಹೊಡೆಸಲು ಕೇಳಿದರೆ ಅಲ್ಲಿಯ ದರ ನನ್ನ ಕೈಗೆ ಎಟುಕುವಂತಿರಲಿಲ್ಲ. ಆ ಕೊಟ್ಟಿಗೆಯ ಹಿರಿಯರು, ಸಕ್ಕರೆ ತೆಗೆದ ಮೇಲೆ ಉಳಿಯುವ, ಕುದುರೆಗೆ ಮೇವಿನ ಜೊತೆ ಕೊಡುವ ಕಪ್ಪು ಪಾಕವಾದ ಕಾಕಂಬಿಯಲ್ಲಿ ನೆನೆಸಿಡು ಎಂದರು. ಮೊದಲು ನಾನು ಆ ಮಾತನ್ನು ನಂಬಲಿಲ್ಲ. ಮೇವಿನ ಅಂಗಡಿಯಿಂದ 20 ಲೀಟರಿನ ಕ್ಯಾನು ತಂದು ಮುಚ್ಚಳ ತೆಗೆದಾಗ, ಅಪ್ಪ, ಕಾರ್ಖಾನೆ ಕಬ್ಬು ನುರಿಸುವ ತಿಂಗಳುಗಳಲ್ಲಿ ನಮ್ಮ ಬೀದಿಯಲ್ಲಿ ಬೆಳಗಿನ ಜಾವ ನಿಲ್ಲುತ್ತಿದ್ದ ಆ ಹುಳಿಬೆರೆತ ಸಿಹಿವಾಸನೆ ಮುಖಕ್ಕೆ ಬಡಿಯಿತು. ನಾನು ಕ್ಯಾನನ್ನು ಹಾಗೆಯೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕುಳಿತೆ.

ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಸೇರಿಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಾಮಾನುಗಳನ್ನು ಪೂರ್ತಿ ಮುಳುಗಿಸಿ ಮೂರು ವಾರ ಬಿಟ್ಟೆ. ಮೊದಲು ಎಣ್ಣೆ, ಗ್ರೀಸು, ಬಣ್ಣವನ್ನು ಚೆನ್ನಾಗಿ ತೆಗೆದಿರಬೇಕು, ಇಲ್ಲದಿದ್ದರೆ ದ್ರಾವಣ ತುಕ್ಕನ್ನು ಮುಟ್ಟುವುದಿಲ್ಲ. ಕಾಕಂಬಿಯಲ್ಲಿರುವ ಪದಾರ್ಥಗಳು ತುಕ್ಕಿನೊಳಗಿನ ಕಬ್ಬಿಣದ ಅಂಶವನ್ನು ಹಿಡಿದು ನೀರಿಗೆ ಎಳೆಯುತ್ತವೆ, ಗಟ್ಟಿ ಕಬ್ಬಿಣವನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತವೆ. ಮೇಲೆ ನೊರೆಯೂ ಬೂಷ್ಟೂ ಕಟ್ಟಿ ವಾಸನೆ ಕೆಡುತ್ತದೆ, ಅದು ಇದ್ದದ್ದೇ. ತೆಗೆದು ನೀರಿನ ರಭಸಕ್ಕೆ ಹಿಡಿದಾಗ ಬ್ರೇಕ್ ಡ್ರಮ್ಮಿನ ಮೇಲೆ ಎರಕ ಹಾಕಿದಾಗ ಮೂಡಿಸಿದ್ದ ಅಂಕಿಗಳು ಸಹ ಬೂದುಬಣ್ಣದಲ್ಲಿ ಸ್ಪಷ್ಟವಾಗಿ ಎದ್ದು ಬಂದವು. ತೊಳೆದ ಕೂಡಲೇ ಒರೆಸಿ ಒಣಗಿಸಿ ಪ್ರೈಮರ್ ಹೊಡೆಯಬೇಕು, ಅರ್ಧ ಗಂಟೆ ತಡೆದರೆ ಮತ್ತೆ ಕೆಂಪು ಹೊಗೆಯಂತೆ ತುಕ್ಕು ಕೂರುತ್ತದೆ. ಅಲ್ಯೂಮಿನಿಯಂ ಸಾಮಾನನ್ನು ಮಾತ್ರ ಎಂದಿಗೂ ಹಾಕಬಾರದು, ಅದನ್ನು ಈ ನೀರು ತಿಂದುಬಿಡುತ್ತದೆ. ಕಮಾನು ಪಟ್ಟೆಗಳನ್ನೂ ನಾನು ಹಾಕಲಿಲ್ಲ. ಗಡಸು ಉಕ್ಕು ಇಂತಹ ನೆನೆತದಿಂದ ಬಿರುಸಾಗಿ ಮುರಿಯಬಹುದೆಂಬ ಭಯದಿಂದ ಅವನ್ನು ತಂತಿ ಬ್ರಷ್ಷಿನಿಂದಲೇ ಉಜ್ಜಿದೆ. ಇಲ್ಲಿಯ ಚಳಿಯಲ್ಲಿ ಮೂರು ವಾರ ಹಿಡಿದದ್ದು ಮಂಡ್ಯದ ಬಿಸಿಲಿನಲ್ಲಿ ಇನ್ನೂ ಬೇಗ ಆಗುತ್ತದೆ. ಕಾಕಂಬಿಯ ಲಾರಿಗಳು ನಮ್ಮ ಅಂಗಡಿಯ ಮುಂದೆಯೇ ಹೋಗುತ್ತಿದ್ದವು, ನಾವು ಎಮರಿ ಕಾಗದ ಹಿಡಿದು ಬೆರಳು ಸವೆಸುತ್ತಿದ್ದೆವು.

ವೆಲ್ಡಿಂಗಿನಲ್ಲಿ ಒಂದು ತಪ್ಪು ಮಾಡಿದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಬ್ಯಾಟರಿ ಬಿಚ್ಚಿದೆ, ಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಂಕನ್ನು ಇಳಿಸಿ ಕೊಟ್ಟಿಗೆಯ ಹೊರಗಿಟ್ಟೆ, ಅಲ್ಲಿಯವರೆಗೆ ಎಲ್ಲವೂ ಕ್ರಮವಾಗಿತ್ತು. ಆಮೇಲೆ ಬೇಗ ಮುಗಿಸುವ ಆಸೆಯಿಂದ ಬಲಗಡೆಯ ಎರಡು ಔಟ್‌ರಿಗರ್‌ಗಳನ್ನು ಒಂದೇ ದಿನ ಕತ್ತರಿಸಿದೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಬಲ್ಕ್‌ಹೆಡ್ ಕುಳಿತಿರುವುದೇ ಅವುಗಳಲ್ಲಿ ಮುಂದಿನದರ ಮೇಲೆ. ಮರುದಿನ ಬಾಗಿಲು ಹಾಕಲು ಹೋದರೆ ಚಿಲಕ ಕೂರಲಿಲ್ಲ. ಅಳೆದಾಗ ಆ ಬದಿ 6 ಮಿಲಿಮೀಟರ್ ಕೆಳಗೆ ಇಳಿದಿತ್ತು. ಒಂದನ್ನು ಹಾಕಿ ಮುಗಿಸದೆ ಇನ್ನೊಂದನ್ನು ತೆಗೆಯಬೇಡ ಎಂದು ನೀವು ಟ್ರೇಲರ್ ಕಟ್ಟುವಾಗ ಎಷ್ಟು ಸಲ ಹೇಳಿದ್ದಿರಿ! ಜಾಕಿಯ ಮೇಲೆ ಮರದ ತುಂಡಿಟ್ಟು ಕೂದಲೆಳೆಯಷ್ಟೇ ಎತ್ತುತ್ತಾ, ಬಾಗಿಲನ್ನೇ ಅಳತೆಗೋಲು ಮಾಡಿಕೊಂಡು, ಎರಡು ಭಾನುವಾರ ಅದಕ್ಕೇ ಕಳೆದೆ. ಮೂಲೆಯಿಂದ ಮೂಲೆಗೆ ದಾರ ಎಳೆದು ನೋಡಿದರೆ ಈಗ ಎರಡು ಕರ್ಣಗಳೂ ಸಮವಾಗಿವೆ. ಆಮೇಲಿಂದ ಒಂದಂಗುಲ ಬೆಸೆದು, ಎದುರು ಬದಿಗೆ ಹೋಗಿ ಒಂದಂಗುಲ ಬೆಸೆದು, ಕೈಯಿಂದ ಮುಟ್ಟುವಷ್ಟು ಆರಿದ ಮೇಲೆಯೇ ಮುಂದುವರಿಯುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಒಳಕ್ಕೆ ಬಿಸಿ ಮೇಣವನ್ನು ಪಿಚಕಾರಿಯಿಂದ ಹೊಡೆಯುತ್ತೇನೆ, ಉಪ್ಪುನೀರಿಗೆ ಹಿಡಿದುಕೊಳ್ಳಲು ಉಕ್ಕು ಸಿಗದಿರಲಿ.

ಬ್ರೇಕಿನಲ್ಲಿ ಮಾತ್ರ ಉಳಿತಾಯ ಮಾಡಲಿಲ್ಲ. ಗಾಲಿಯ ಸಿಲಿಂಡರು, ಮಾಸ್ಟರ್ ಸಿಲಿಂಡರು, ತಾಮ್ರ-ನಿಕಲ್ಲಿನ ಪೈಪು, ರಬ್ಬರ್ ಹೋಸು, ಶೂ ಎಲ್ಲವೂ ಹೊಸತು, 310 ಪೌಂಡು. ಇಲ್ಲಿ 40 ವರ್ಷ ದಾಟಿದ, ಮೂಲರೂಪ ಹೆಚ್ಚು ಬದಲಾಗದ ಗಾಡಿಗೆ ರಸ್ತೆ ತೆರಿಗೆಯಿಲ್ಲ, ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಆದರೂ ತಪಾಸಣೆ ಮಾಡಿಸಿಯೇ ರಸ್ತೆಗೆ ಇಳಿಸುತ್ತೇನೆ. ಆಯುಧಪೂಜೆಯ ದಿನ ಗ್ರೈಂಡರಿಗೂ ವೆಲ್ಡಿಂಗ್ ಯಂತ್ರಕ್ಕೂ ಅರಿಶಿನ ಕುಂಕುಮ ಇಟ್ಟು, ಕುಂಬಳಕಾಯಿಯೊಂದನ್ನು ತಂದು ಗಾಡಿಯ ಮುಂದೆ ಒಡೆದೆ.

ಇನ್ನು ನನ್ನ ಪ್ರಶ್ನೆ. ಹಿಂದಿನ ಅಡ್ಡತೊಲೆ ಹೊಸದು ಬಂದಿದೆ. ಅದಕ್ಕೆ ಎರಡು ಕಾಲುಗಳಿವೆ, ಅವು ಹಳೆಯ ಉದ್ದತೊಲೆಗಳ ಮೇಲೆ ಒರೆಯಂತೆ ಕೂರುತ್ತವೆ. ಅಂಚಿನ ಸುತ್ತ ನೇರವಾಗಿ ಬೆಸೆದರೆ ಸಾಕೆಂದು ಇಲ್ಲಿಯವರು ಹೇಳುತ್ತಾರೆ. ಆದರೆ ಕಬ್ಬಿನ ಟ್ರೇಲರಿನ ಚಾನಲ್ಲಿಗೆ ನೀವು ಎಂದೂ ಅಡ್ಡಲಾಗಿ ನೇರ ಗೆರೆ ಎಳೆಯುತ್ತಿರಲಿಲ್ಲ. ಭಾರ ಬಿದ್ದಾಗ ಬೆಸುಗೆಯ ಪಕ್ಕದಲ್ಲೇ ಹರಿಯುತ್ತದೆಂದು ಅಂಚನ್ನು ಮೀನಿನ ಬಾಯಿಯಂತೆ ಓರೆಯಾಗಿ ಕತ್ತರಿಸುತ್ತಿದ್ದಿರಿ. ನಾನೂ ಹಾಗೆಯೇ ಮಾಡಬೇಕೆಂದಿದ್ದೇನೆ. ತೊಡಕೇನೆಂದರೆ ಅದು ದಪ್ಪ ಚಾನಲ್, ಇದು 2 ಮಿಲಿಮೀಟರ್ ತಗಡು; ಮೇಲಾಗಿ ಹಿಂದಿನ ಪಟ್ಟೆಯ ಶ್ಯಾಕಲ್ ಕೂರುವ ಕೊಳವೆಯಂಥ ಬುಷ್ ಅಲ್ಲೇ ಹತ್ತಿರದಲ್ಲಿದೆ. ಮೀನಬಾಯಿಯ ತುದಿ ಆ ಬುಷ್ಷಿನ ಹಳೆಯ ಬೆಸುಗೆಗೆ ಎರಡು ಬೆರಳಿನಷ್ಟು ಸಮೀಪ ಬರುತ್ತದೆ. ಒಂದೇ ಜಾಗಕ್ಕೆ ಎರಡು ಸಲ ಶಾಖ ಕೊಟ್ಟಂತಾಗುವುದೇ? ತುದಿಯನ್ನು ಗಿಡ್ಡ ಮಾಡಿ, ಮೇಲಿನ ಒರೆಯಲ್ಲಿ ತೂತು ಕೊರೆದು ಅಲ್ಲಿ ಗುಂಡಾಗಿ ಬೆಸೆದರೆ ಬಲ ಸಾಕಾಗುವುದೇ?

ಕಣ್ಣಿಗೆ ಶ್ರಮವಾಗದಿರಲೆಂದು ಚಿತ್ರ ಬರೆಯದೆ, ಆ ಕಾಲನ್ನೂ ಉದ್ದತೊಲೆಯ ತುದಿಯನ್ನೂ ನಿಜವಾದ ಗಾತ್ರದಲ್ಲಿ ರಟ್ಟಿನಲ್ಲಿ ಕತ್ತರಿಸಿ ಈ ಪತ್ರದೊಂದಿಗೆ ಇಟ್ಟಿದ್ದೇನೆ. ಬುಷ್ ಇರುವ ಕಡೆ ದುಂಡಗೆ ತೂತು ಮಾಡಿದ್ದೇನೆ, ಬೆರಳಿಗೆ ಸಿಗುತ್ತದೆ. ಅಂಚು ಹೆಚ್ಚಾಗಿದ್ದರೆ ನೀವು ಹೇಳಿದಂತೆ ತಮ್ಮ ಕತ್ತರಿಯಿಂದ ಕತ್ತರಿಸಲಿ, ಆ ರಟ್ಟನ್ನೇ ನನಗೆ ಹಿಂದಕ್ಕೆ ಕಳಿಸಿ. ಅದು ಕೈಸೇರುವವರೆಗೆ ಹಿಂದಿನ ತುದಿಯನ್ನು ನಾನು ಮುಟ್ಟುವುದಿಲ್ಲ. ಅಷ್ಟರಲ್ಲಿ ಮುಂದಿನ ಎರಡು ಬ್ರೇಕ್ ಡ್ರಮ್ಮುಗಳು ಕಾಕಂಬಿಯಲ್ಲಿ ನೆನೆಯುತ್ತಿರುತ್ತವೆ.

ಅಮ್ಮನಿಗೆ ನನ್ನ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇಂತಿ ನಿಮ್ಮ ಪ್ರೀತಿಯ ಮಗಳು